ದೂರದಿಂದ ಸಭೆಗೆ: ಮುನವಳ್ಳಿ ಸೀಮೆಯಲ್ಲಿ ಹಾಜರಿಯ ನಿಯಮಗಳ ಇತಿಹಾಸ

ಸರ್ಕಾರಿ ಸಭೆಯಲ್ಲಿ ಯಾರು ಕೂರಬೇಕು, ಯಾರು ಮಾತನಾಡಬಹುದು, ಯಾರ ಕೈ ಎಣಿಕೆಗೆ ಬರುತ್ತದೆ ಎಂಬ ನಿಯಮಗಳು ಎಷ್ಟು ಹಳೆಯವೋ, ಸಭೆಗೆ ಬರಲಾಗದವರ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಕೊರೊನಾ ಕಾಲದ ವಿಡಿಯೋ ಸಭೆಗಳಿಂದಾಗಿ ಈ ಪ್ರಶ್ನೆ ಹೊಸದಾಗಿ ಹುಟ್ಟಿತೆಂದು ಹಲವರು ಭಾವಿಸಿದ್ದಾರೆ. ಆದರೆ ಮಲಪ್ರಭೆಯ ದಂಡೆಯಲ್ಲಿರುವ ಮುನವಳ್ಳಿ ಮತ್ತು ಅದರ ಸುತ್ತಲಿನ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ಆಡಳಿತದ ಇತಿಹಾಸವನ್ನು ನೋಡಿದರೆ, ಇಲ್ಲಿನ ಜನ ತಮ್ಮ ಬದುಕನ್ನು ನಿರ್ಧರಿಸುವ ಸಭೆಗಳಿಂದ ದೂರದಲ್ಲಿದ್ದುಕೊಂಡೇ ಅವುಗಳಿಗೆ ಮಾತು ಮುಟ್ಟಿಸಲು ಹಲವು ಶತಮಾನಗಳಿಂದ ದಾರಿ ಹುಡುಕುತ್ತಿದ್ದಾರೆ ಎಂಬುದು ಕಾಣುತ್ತದೆ. ಕಾನೂನು ಅವರಿಗೆ ಕೊಟ್ಟ ದಾರಿ ಬಹುಕಾಲ ಒಂದೇ ಆಗಿತ್ತು: ಹಾಜರಿದ್ದವರಿಗೆ ಮಾತು ಮತ್ತು ಮತ, ಹಾಜರಿಲ್ಲದವರಿಗೆ ಅರ್ಜಿ.

ಸುಗಂಧವರ್ತಿ ಎಂಬ ಹೆಸರಿನಲ್ಲಿ ಸವದತ್ತಿಯು ರಟ್ಟರ ರಾಜಧಾನಿಯಾಗಿದ್ದ ಕಾಲದಲ್ಲಿಯೂ, ಅವರು ತಮ್ಮ ನೆಲೆಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ಬದಲಿಸಿದ ಮೇಲೆಯೂ, ಶಾಸನಗಳು ಸಭೆಯ ನಿರ್ಣಯವನ್ನು ಹೇಳುವಾಗ ಅಲ್ಲಿ ಕೂಡಿದವರನ್ನು ಹೇಳುವುದನ್ನು ಬಿಡುವುದಿಲ್ಲ. ನಾಲ್ಕನೆಯ ಕಾರ್ತವೀರ್ಯನ ಕಾಲದ 1204ರ ಬೆಳಗಾವಿ ಶಾಸನದಲ್ಲಿ ರಟ್ಟ ಜಿನಾಲಯಕ್ಕೆ ಸಲ್ಲಬೇಕಾದ ಆಯಗಳನ್ನು ಒಪ್ಪಿಕೊಂಡ ವರ್ತಕರಲ್ಲಿ ಕೂಂಡಿ ಮೂರು ಸಾವಿರ ಎಂಬ ನಾಡಿನವರಲ್ಲದೆ ಲಾಳ ಮತ್ತು ಮಲೆಯಾಳ ದೇಶಗಳಿಂದ ಬಂದವರೂ ಇದ್ದಾರೆ. ಮುನವಳ್ಳಿಯಿಂದ ಇದೇ ಹೊಳೆಯ ಹರಿವಿನ ದಿಕ್ಕಿನಲ್ಲಿ ಸಾಗಿದರೆ ಸಿಗುವ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘವಂತೂ ದಕ್ಷಿಣ ಭಾರತದ ಉದ್ದಗಲಕ್ಕೂ ಹರಡಿಕೊಂಡಿತ್ತು. ಅದರ ಸದಸ್ಯರೆಲ್ಲ ಒಂದೆಡೆ ಸೇರುವುದು ಅಸಾಧ್ಯವಾಗಿದ್ದರೂ ಊರೂರಿನಲ್ಲಿ ಕೂಡಿದವರು ಇಡೀ ಸಂಘದ ಹೆಸರಿನಲ್ಲಿಯೇ ದಾನ ಕೊಟ್ಟರು, ಕಟ್ಟಳೆ ಮಾಡಿದರು. ಕೂಡಿದ ಕೆಲವರ ಮಾತು ಕೂಡದ ಹಲವರನ್ನು ಕಟ್ಟಿಹಾಕುತ್ತದೆ ಎಂಬ ತತ್ವ ಇಲ್ಲಿ ಆಗಲೇ ಬೇರೂರಿತ್ತೆನ್ನಬಹುದು. ಆ ತತ್ವ ವರ್ತಕರಿಗೆ ಅನುಕೂಲವಾಗಿತ್ತು, ಏಕೆಂದರೆ ಕೂಡಿದವರ ಮತ್ತು ಕೂಡದವರ ಹಿತಾಸಕ್ತಿ ಬಹುಮಟ್ಟಿಗೆ ಒಂದೇ ಆಗಿತ್ತು. ಹಳ್ಳಿಯ ಸಭೆಗೆ ಈ ಮಾತು ಹಾಗೆಯೇ ಅನ್ವಯಿಸುವುದಿಲ್ಲ.

ಹಳ್ಳಿಯಲ್ಲಿ ಸಭೆ ಸೇರುತ್ತಿದ್ದುದು ಚಾವಡಿಯಲ್ಲಿ. ಊರಗೌಡ ಮತ್ತು ಕುಲಕರ್ಣಿ ಕಂದಾಯದ ಲೆಕ್ಕ ನೋಡುತ್ತಿದ್ದ ಈ ಕಟ್ಟೆಯೇ ನ್ಯಾಯ ಪಂಚಾಯತಿಯ ಜಾಗವೂ ಆಗಿತ್ತು. ಉತ್ತರ ಕರ್ನಾಟಕದಲ್ಲಿ ಊರಿನ ಹಿರಿಯರು ಕೂಡಿದ ಇಂಥ ಸಭೆಯನ್ನು ದೈವ ಎಂದು ಕರೆಯುವ ರೂಢಿ ಇಂದಿಗೂ ಉಳಿದಿದೆ, ದೈವದ ಮುಂದೆ ಆಡಿದ ಮಾತಿಗೆ ತಪ್ಪುವುದು ದೊಡ್ಡ ಅಪರಾಧವೆಂಬ ಭಾವನೆಯೂ ಉಳಿದಿದೆ. ಈ ವ್ಯವಸ್ಥೆಯನ್ನು ಹೊಗಳುವ ಬರವಣಿಗೆ ಕನ್ನಡದಲ್ಲಿ ಬೇಕಾದಷ್ಟಿದೆ. ಆದರೆ ದಲಿತರು ಚಾವಡಿಯ ಮೆಟ್ಟಿಲು ಹತ್ತುವಂತಿರಲಿಲ್ಲ, ಕೆಳಗೆ ಅಂಗಳದಲ್ಲಿ ನಿಂತು ಕೂಗಿ ಹೇಳಬೇಕಾಗಿತ್ತು ಮತ್ತು ಹೆಂಗಸರ ವಿಷಯವನ್ನು ಅವರ ಮನೆಯ ಗಂಡಸರು ಹೇಳಬೇಕಾಗಿತ್ತು ಎಂಬುದನ್ನು ಬದಿಗಿಟ್ಟು ಹಳೆಯ ಸಭೆಯನ್ನು ನೆನೆಯುವುದು ಸಲ್ಲದು. ಹತ್ತು ಮಾರು ದೂರದಲ್ಲಿ, ಎಲ್ಲರ ಕಣ್ಣೆದುರಿಗೇ ನಿಂತವರೂ ಸಭೆಯ ಹೊರಗಿನವರಾಗಿದ್ದರು. ಸಭೆಗೂ ಪ್ರಜೆಗೂ ನಡುವಿನ ದೂರವನ್ನು ಹರದಾರಿಗಳಲ್ಲಿ ಮಾತ್ರ ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಲಿಖಿತ ನಿಯಮಗಳು ಬಂದದ್ದು ಮುಂಬೈ ಸರ್ಕಾರದ ಆಡಳಿತದಲ್ಲಿ. ಇಂದಿನ ಸವದತ್ತಿ ತಾಲ್ಲೂಕನ್ನು ಆಗ ಪರಸಗಡ ತಾಲ್ಲೂಕೆಂದೂ, ಬೈಲಹೊಂಗಲವನ್ನು ಕೇಂದ್ರವಾಗುಳ್ಳ ತಾಲ್ಲೂಕನ್ನು ಸಂಪಗಾವಿ ಎಂದೂ ಕರೆಯುತ್ತಿದ್ದರು. ಪಟ್ಟಣದ ನಿವಾಸಿಗಳು ಬಯಸಿದರೆ ನಗರಸಭೆ ಸ್ಥಾಪಿಸಬಹುದೆಂಬ 1850ರ 26ನೆಯ ಕಾಯ್ದೆ, ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಲಾರ್ಡ್ ರಿಪ್ಪನ್ ಸರ್ಕಾರ 1882ರ ಮೇ 18ರಂದು ಹೊರಡಿಸಿದ ನಿರ್ಣಯ, ಅದರ ಬೆನ್ನಿಗೆ ಬಂದ 1884ರ ಮುಂಬೈ ಲೋಕಲ್ ಬೋರ್ಡ್ ಕಾಯ್ದೆ, 1901ರ ಮುಂಬೈ ಜಿಲ್ಲಾ ಪುರಸಭೆಗಳ ಕಾಯ್ದೆ, ಇವುಗಳ ಮೂಲಕ ಸಭೆಯ ಸೂಚನಾಪತ್ರ, ಕೋರಂ ಅಂದರೆ ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ, ಠರಾವು ಅಂದರೆ ಸಭೆಯ ನಿರ್ಣಯ, ನಡಾವಳಿ ಪುಸ್ತಕ ಮೊದಲಾದ ಪದಗಳು ಈ ಭಾಗದ ಆಡಳಿತದ ಮಾತಿನಲ್ಲಿ ನೆಲೆಯೂರಿದವು. ಈ ಕಾಯ್ದೆಗಳ ಒಂದು ಗುಣವನ್ನು ಗಮನಿಸಬೇಕು. ನಿರ್ಣಯವಾಗಬೇಕಾದದ್ದು ಹಾಜರಿದ್ದು ಮತ ಹಾಕಿದ ಸದಸ್ಯರ ಬಹುಮತದಿಂದ. ಗೈರುಹಾಜರಾದ ಸದಸ್ಯನು ಕಾಗದ ಬರೆದು ಕಳಿಸಿದ ಮತ ಎಣಿಕೆಗೆ ಬರುವುದಿಲ್ಲ. ಹಾಗೆಯೇ ಪುರಸಭೆಯ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕು, ಆದರೆ ಅಧ್ಯಕ್ಷರು ಬೇಕೆನಿಸಿದಾಗ ಅದನ್ನು ಮುಚ್ಚಿಸಬಹುದು, ಗಲಾಟೆ ಮಾಡಿದವರನ್ನು ಹೊರಗೆ ಕಳಿಸಬಹುದು. ತೆರೆದ ಬಾಗಿಲಿನಿಂದ ಒಳಬಂದ ನಾಗರಿಕನಿಗೆ ನೋಡುವ ಹಕ್ಕಿತ್ತು. ಮಾತನಾಡುವ ಹಕ್ಕನ್ನು ಯಾವ ಕಲಮೂ ಕೊಡಲಿಲ್ಲ.

ಜಿಲ್ಲಾ ಲೋಕಲ್ ಬೋರ್ಡಿನ ಸಭೆ ನಡೆಯುತ್ತಿದ್ದುದು ಬೆಳಗಾವಿಯಲ್ಲಿ. ಮಲಪ್ರಭೆಯ ದಂಡೆಯ ಹಳ್ಳಿಗಳವರಿಗೆ, ಅದರಲ್ಲೂ ಹೊಳೆ ತುಂಬಿ ಹರಿಯುವ ಮಳೆಗಾಲದಲ್ಲಿ, ಜಿಲ್ಲಾಕೇಂದ್ರಕ್ಕೆ ಹೋಗಿಬರುವುದೆಂದರೆ ದಿನಗಟ್ಟಲೆಯ ಕೆಲಸ ಕೆಡುವ ಮಾತಾಗಿತ್ತು. ರೈಲು ಧಾರವಾಡ, ಬೆಳಗಾವಿಗಳ ಮೂಲಕ ಹಾದುಹೋಯಿತೇ ಹೊರತು ಸವದತ್ತಿಗಾಗಲಿ ಬೈಲಹೊಂಗಲಕ್ಕಾಗಲಿ ಇಂದಿಗೂ ಬಂದಿಲ್ಲ. ದಾರಿಯ ದೂರದ ಜೊತೆಗೆ ಭಾಷೆಯ ದೂರವೂ ಸೇರಿಕೊಂಡಿತ್ತು. ಕನ್ನಡವೇ ಮನೆಮಾತಾದ ಈ ತಾಲ್ಲೂಕುಗಳಲ್ಲಿ ಪೇಶ್ವೆಗಳ ಕಾಲದಿಂದ ಬಂದ ಮೋಡಿ ಲಿಪಿಯ ಮರಾಠಿಯೇ ಬಹುಕಾಲ ದಫ್ತರದ ಭಾಷೆಯಾಗಿದ್ದು, ಶಿಕ್ಷಣ ಇಲಾಖೆಯ ಡೆಪ್ಯುಟಿ ಚೆನ್ನಬಸಪ್ಪನವರಂಥವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡು ಸಾಹಿತ್ಯ ಚರಿತ್ರೆಯ ವಿಷಯ ಮಾತ್ರವಲ್ಲ, ಆಡಳಿತ ಚರಿತ್ರೆಯ ವಿಷಯವೂ ಹೌದು. ಓದಲು ಬಾರದ ಲಿಪಿಯಲ್ಲಿ ಬರೆದ ಸೂಚನಾಪತ್ರವನ್ನು ಚಾವಡಿಯ ಗೋಡೆಗೆ ಅಂಟಿಸಿದರೂ ಅದು ರೈತನಿಗೆ ತಲುಪಿದಂತಾಗುವುದಿಲ್ಲ. ಆದ್ದರಿಂದಲೇ ಡಂಗುರ ಸಾರುವ ಪದ್ಧತಿಗೆ ಕಾನೂನಿನಲ್ಲಿಯೂ ಸ್ಥಾನ ಸಿಕ್ಕಿತು. ಸರ್ಕಾರದ ಸುದ್ದಿ ಅಕ್ಷರ ಬಲ್ಲವರಿಗೂ ಬಾರದವರಿಗೂ ಸಮನಾಗಿ ಮುಟ್ಟುತ್ತಿದ್ದ ದಾರಿ ಅದೊಂದೇ ಆಗಿತ್ತು.

ಸುದ್ದಿ ಮುಟ್ಟಿದ ಮೇಲೆ ಜನ ಮಾಡಬಹುದಾದದ್ದು ತಕರಾರು ಅರ್ಜಿ ಕೊಡುವುದು. ದೂರದಿಂದ ಭಾಗವಹಿಸುವಿಕೆಗೆ ಸಂಬಂಧಿಸಿದ ಭಾರತದ ನಿಯಮಗಳಲ್ಲಿ ಅತ್ಯಂತ ಮಹತ್ವದ ಒಂದನ್ನು ವಿಡಿಯೋ ಸಭೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ನೆನೆಯುವುದಿಲ್ಲ: ಅದು 1894ರ ಭೂಸ್ವಾಧೀನ ಕಾಯ್ದೆಗೆ 1923ರಲ್ಲಿ ಸೇರಿಸಿದ 5ಎ ಕಲಮು. ಅಲ್ಲಿಯವರೆಗೆ ಸರ್ಕಾರ ಭೂಮಿ ಬೇಕೆಂದರೆ ಬೇಕು. ಪರಿಹಾರದ ಮೊತ್ತದ ಬಗ್ಗೆ ವಾದಿಸಬಹುದಿತ್ತೇ ಹೊರತು ಭೂಮಿಯನ್ನು ಕೊಡಬೇಕೇ ಬೇಡವೇ ಎಂಬ ಬಗ್ಗೆ ಭೂಮಿಯ ಒಡೆಯನ ಮಾತನ್ನು ಕೇಳುವ ಕಟ್ಟುಪಾಡೇ ಇರಲಿಲ್ಲ. ಹೊಸ ಕಲಮು 30 ದಿನಗಳೊಳಗೆ ಬರಹದಲ್ಲಿ ತಕರಾರು ಸಲ್ಲಿಸಲು ಅವಕಾಶ ಕೊಟ್ಟಿತು ಮತ್ತು ತಕರಾರು ಮಾಡಿದವನ ಮಾತನ್ನು ಖುದ್ದಾಗಿ ಅಥವಾ ವಕೀಲನ ಮೂಲಕ ಕೇಳಬೇಕೆಂದು ಕಲೆಕ್ಟರನಿಗೆ ವಿಧಿಸಿತು. ಬಾರದವನು ಬೇರೊಬ್ಬನ ಬಾಯಿಂದ ಮಾತನಾಡಬಹುದು, ಬರೆದು ಕಳಿಸಿದ ಕಾಗದವನ್ನೂ ಅಧಿಕಾರಿ ಓದಲೇಬೇಕು ಎಂಬ ಎರಡು ಹಕ್ಕುಗಳು ಇದರಿಂದ ದಕ್ಕಿದವು. ಆದರೂ ಕೊನೆಯ ತೀರ್ಮಾನ ಸರ್ಕಾರದ್ದೇ ಆಗಿತ್ತು.

ಈ ನಿಯಮದ ಬಲವೂ ಮಿತಿಯೂ ಮುನವಳ್ಳಿಯ ಮಗ್ಗುಲಲ್ಲಿಯೇ ಪರೀಕ್ಷೆಗೆ ಒಳಗಾದವು. ಮಲಪ್ರಭೆಯು ಗುಡ್ಡಗಳ ನಡುವೆ ಕಿರಿದಾದ ಕಣಿವೆಯಲ್ಲಿ ನುಗ್ಗುವ ನವಿಲುತೀರ್ಥದಲ್ಲಿ ಅಣೆಕಟ್ಟಿನ ಕೆಲಸ 1960ರ ಸುಮಾರಿಗೆ ಆರಂಭವಾಗಿ 1970ರ ದಶಕದ ಆರಂಭಕ್ಕೆ ಮುಗಿಯಿತು. ಸುಮಾರು 37 ಟಿಎಂಸಿ ನೀರು ನಿಲ್ಲುವ ರೇಣುಕಾಸಾಗರ ರೂಪುಗೊಂಡಿತು. ಇದರ ಹಿನ್ನೀರಿನಲ್ಲಿ ಮುಳುಗಿದ ಹೊಲಗಳು ಒಂದು ಕಡೆಗಿದ್ದರೆ ಕಾಲುವೆಯ ನೀರು ಕಂಡ ಹೊಲಗಳು ಇನ್ನೊಂದು ಕಡೆಗಿದ್ದವು, ಬಹುಪಾಲು ನವಲಗುಂದ, ನರಗುಂದ ಸೀಮೆಯಲ್ಲಿ. ಅಣೆಕಟ್ಟಿನ ಎತ್ತರ, ಕಾಲುವೆಯ ದಾರಿ, ಬೆಳೆಯ ಪದ್ಧತಿ, ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಹೇರಿದ ಅಭಿವೃದ್ಧಿ ಕರ ಎಲ್ಲವೂ ತೀರ್ಮಾನವಾದದ್ದು ನಾನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿನಲ್ಲಿ. ವೈಯಕ್ತಿಕ ತಕರಾರು ಅರ್ಜಿಯು ಒಬ್ಬ ರೈತನ ಒಂದು ಸರ್ವೆ ನಂಬರಿನ ಮಾತನ್ನು ಹೇಳಬಲ್ಲುದಾಗಿತ್ತು. ಇಡೀ ಯೋಜನೆಯ ಬಗ್ಗೆ ಇಡೀ ಸೀಮೆಯ ಮಾತನ್ನು ಹೇಳುವ ಸಭೆಯೇ ಕಾನೂನಿನಲ್ಲಿರಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದು, ಗೋಲಿಬಾರಿಗೂ ಸಾವಿಗೂ ದಾರಿಯಾದ ಘಟನೆಯನ್ನು ಕರದ ವಿರುದ್ಧದ ಬಂಡಾಯವೆಂದು ಇತಿಹಾಸಕಾರರು ಸರಿಯಾಗಿಯೇ ಹೇಳಿದ್ದಾರೆ. ಅದರೊಂದಿಗೆ, ವರ್ಷಗಟ್ಟಲೆ ಕಚೇರಿಗಳಿಗೆ ಬರೆದ ಮನವಿಗಳಿಗೆ ಉತ್ತರ ಸಿಗದವರು ಖುದ್ದಾಗಿ ಬಂದು ನಿಂತ ದಿನ ಅದು ಎಂದೂ ಹೇಳಬೇಕು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡಿತು.

ರಾಮದುರ್ಗದ ಕಥೆ ಸ್ವಲ್ಪ ಬೇರೆ. 1948ರ ಮಾರ್ಚ್‌ನಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದು ಭಾವೆ ಮನೆತನದ ಸಂಸ್ಥಾನವಾಗಿದ್ದು, ಅಲ್ಲಿನ ಪ್ರಜೆಗೆ ಅರಸನ ವಾಡೆ ಹತ್ತಿರದಲ್ಲಿಯೇ ಇತ್ತು. ಆದರೂ ಪ್ರಜಾಸಂಘದ ಬೇಡಿಕೆಗಳನ್ನು ಕುಳಿತು ಕೇಳುವ ವೇದಿಕೆ ಸಿಗದೆ 1939ರ ಏಪ್ರಿಲ್‌ನಲ್ಲಿ ಚಳವಳಿ ದುರಂತಕ್ಕೆ ತಿರುಗಿತು. ಹತ್ತಿರವಿದ್ದ ಮಾತ್ರಕ್ಕೆ ಮಾತು ಕೇಳಿಸುವುದಿಲ್ಲ ಎಂಬುದನ್ನು ಚಾವಡಿಯ ಅಂಗಳದಲ್ಲಿ ನಿಂತವರಂತೆಯೇ ರಾಮದುರ್ಗದವರೂ ಅನುಭವಿಸಿದರು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಪಂಚಾಯತಿ ಕಾಯ್ದೆ, ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡು 1987ರ ಚುನಾವಣೆಯೊಂದಿಗೆ ಜಾರಿಗೆ ಬಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ವ್ಯವಸ್ಥೆ, ಇವೆಲ್ಲ ಅಧಿಕಾರವನ್ನು ಹಳ್ಳಿಯ ಹತ್ತಿರಕ್ಕೆ ತಂದವು. ಸಭೆಯ ನಿಯಮದಲ್ಲಿ ನಿಜವಾದ ಪಲ್ಲಟ ತಂದದ್ದು ಸಂವಿಧಾನದ 73ನೆಯ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು ಎಂದು ಕಾನೂನು ಸ್ಪಷ್ಟವಾಗಿ ಹೇಳಿತು, ಪ್ರೇಕ್ಷಕನಾಗಿದ್ದವನು ಸದಸ್ಯನಾದ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು, ಸದಸ್ಯರ ಹತ್ತನೆಯ ಒಂದು ಭಾಗ ಅಥವಾ ನೂರು ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಹಾಜರಿ ಇರಬೇಕು, ಹಾಜರಾದವರಲ್ಲಿ ಮಹಿಳೆಯರಿಗೂ ಪರಿಶಿಷ್ಟರಿಗೂ ತಕ್ಕ ಪಾಲಿರಬೇಕು ಎಂಬ ನಿಯಮಗಳು ಬಂದವು. ಚಾವಡಿಯ ಅಂಗಳದಲ್ಲಿ ನಿಂತವರನ್ನು ಒಳಗೆ ಕರೆದು ಲೆಕ್ಕಕ್ಕೆ ಹಿಡಿದ ಈ ಕೋರಂ ನಿಯಮವನ್ನು ಕರ್ನಾಟಕದ ಶಾಸನ ಚರಿತ್ರೆಯ ಘನವಾದ ಸಾಧನೆಗಳಲ್ಲಿ ಒಂದೆಂದು ಎಣಿಸಬೇಕು. ಆದರೆ ಕೆಲಸ ಹುಡುಕಿ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋದ ಮತದಾರ ಆ ದಿನ ಊರಿನಲ್ಲಿ ಇಲ್ಲದಿದ್ದರೆ ಅವನ ಸದಸ್ಯತ್ವ ಹೆಸರಿಗಷ್ಟೇ ಉಳಿಯುತ್ತದೆ.

ಗ್ರಾಮಸಭೆಯ ಸದಸ್ಯತ್ವದ ಈ ಹಕ್ಕು ಮುನವಳ್ಳಿಯಲ್ಲಿ ಬಹುಕಾಲ ನಿಲ್ಲಲಿಲ್ಲ ಎಂಬುದು ಈ ಇತಿಹಾಸದ ನೋವಿನ ಭಾಗ. ಗ್ರಾಮ ಪಂಚಾಯತಿಯಾಗಿದ್ದ ಊರು ಬೆಳೆದು ಕಳೆದ ದಶಕದಲ್ಲಿ ಪುರಸಭೆಯಾಯಿತು. ಪಟ್ಟಣದ ದರ್ಜೆಯೊಂದಿಗೆ ಮುಖ್ಯಾಧಿಕಾರಿ, ವಾರ್ಡುಗಳು ಮತ್ತು ಹೆಚ್ಚಿನ ಅನುದಾನ ಬಂದವು, ಗ್ರಾಮಸಭೆ ಹೋಯಿತು. ನಗರಾಡಳಿತಕ್ಕೆ ಸಂಬಂಧಿಸಿದ 74ನೆಯ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ, ಮತ್ತು ಮುನವಳ್ಳಿಯಂಥ ಊರು ಅದರ ಹತ್ತಿರಕ್ಕೂ ಬರುವುದಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ನಡೆಯುವ ಕೌನ್ಸಿಲ್ ಸಭೆಯ ನಿಯಮಗಳು ಬಹುಪಾಲು ಮುಂಬೈ ಕಾಲದ ಕಾಯ್ದೆಯ ಅಚ್ಚಿನಲ್ಲಿಯೇ ಇವೆ: ಮುಂಚಿತ ಸೂಚನೆ, ಮೂರನೆಯ ಒಂದು ಭಾಗದ ಕೋರಂ, ಸಾರ್ವಜನಿಕರಿಗೆ ತೆರೆದ, ಆದರೆ ಅಧ್ಯಕ್ಷರು ಮುಚ್ಚಿಸಬಹುದಾದ ಬಾಗಿಲು. ಹೀಗೆ ಗ್ರಾಮಸಭೆಯ ಸದಸ್ಯರಾಗಿದ್ದ ಮುನವಳ್ಳಿಯ ಮತದಾರರು ಊರು ದೊಡ್ಡದಾದ ಕಾರಣಕ್ಕೆ ಮತ್ತೆ ಪ್ರೇಕ್ಷಕರಾದರು.

ವಿದ್ಯುನ್ಮಾನ ಸಾಧನಗಳು ಸಭೆಗೆ ಬಂದ ಬಗೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಈ ಶತಮಾನದ ಆರಂಭದಲ್ಲಿಯೇ ಉಪಗ್ರಹದ ಮೂಲಕ ಪಂಚಾಯತಿ ಸದಸ್ಯರಿಗೆ ತರಬೇತಿ ನೀಡತೊಡಗಿತು. ಮೈಸೂರಿನ ಸ್ಟುಡಿಯೋದಲ್ಲಿ ಕುಳಿತವರ ಚಿತ್ರ ತಾಲ್ಲೂಕು ಕೇಂದ್ರಗಳಿಗೆ ತಲುಪುತ್ತಿತ್ತು, ತಾಲ್ಲೂಕಿನಲ್ಲಿ ಕುಳಿತ ಸದಸ್ಯರ ಧ್ವನಿ ಮಾತ್ರ ಮೈಸೂರಿಗೆ ಮರಳುತ್ತಿತ್ತು. ಮೊದಲ ಬಾರಿಗೆ ಆರಿಸಿ ಬಂದ ಸಾವಿರಾರು ಮಹಿಳೆಯರಿಗೆ ಮನೆ ಬಿಟ್ಟು ದೂರ ಹೋಗದೆ ಕಲಿಯುವ ಅವಕಾಶ ಕೊಟ್ಟ ಈ ಪ್ರಯೋಗ ದೇಶಕ್ಕೇ ಮಾದರಿಯಾಗಿತ್ತು. ಆದರೆ ಅದು ತರಬೇತಿಯಾಗಿತ್ತೇ ಹೊರತು ತೀರ್ಮಾನ ಮಾಡುವ ಸಭೆಯಲ್ಲ. ಜಿಲ್ಲಾಧಿಕಾರಿಗಳ ಕಚೇರಿಗಳಿಗೆ ಬಂದ ವಿಡಿಯೋ ಸಂವಾದದ ಸೌಕರ್ಯವೂ ಮೇಲಿನ ಅಧಿಕಾರಿ ಕೆಳಗಿನ ಅಧಿಕಾರಿಗೆ ಸೂಚನೆ ಕೊಡಲು, ಪ್ರಗತಿ ಪರಿಶೀಲಿಸಲು ಬಳಕೆಯಾಯಿತು. 2020ರಲ್ಲಿ ಸಾಂಕ್ರಾಮಿಕದ ನಡುವೆಯೇ ಗ್ರಾಮ ಪಂಚಾಯತಿಗಳ ಅವಧಿ ಮುಗಿದು ಆಡಳಿತಾಧಿಕಾರಿಗಳ ನೇಮಕವಾಯಿತು. ಆ ವರ್ಷದ ಡಿಸೆಂಬರ್ 22 ಮತ್ತು 27ರಂದು ಚುನಾವಣೆ ನಡೆಯುವವರೆಗೆ ಹಳ್ಳಿಯ ಪರವಾಗಿ ಪರದೆಯ ಮುಂದೆ ಕುಳಿತವರು ಆಯ್ಕೆಯಾದವರಲ್ಲ, ನೌಕರರು. ದೂರವನ್ನು ಅಳಿಸುವ ಸಾಧನವನ್ನು ಸರ್ಕಾರ ಮೊದಲು ತನ್ನೊಳಗಿನ ದೂರಕ್ಕೆ ಬಳಸಿಕೊಂಡಿತು, ಪ್ರಜೆಗೂ ತನಗೂ ನಡುವಿನ ದೂರಕ್ಕಲ್ಲ.

ಇದೇ ಕಾಲದಲ್ಲಿ ಬೇರೆ ದೇಶಗಳಲ್ಲಿ ಪ್ರಶ್ನೆ ನೇರವಾಗಿ ಕಾನೂನಿನ ಕಟಕಟೆಗೆ ಬಂತು. ಇಂಗ್ಲೆಂಡಿನಲ್ಲಿ 2020ರ ತುರ್ತು ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಿಡಿಯೋ ಸಭೆಗೆ ಅನುಮತಿ ನೀಡಿ 2021ರ ಮೇ ತಿಂಗಳ ಆರಂಭದಲ್ಲಿ ಮುಗಿದುಹೋದವು; ಅದಕ್ಕೆ ಕೆಲವೇ ದಿನ ಮೊದಲು ಅಲ್ಲಿನ ಹೈಕೋರ್ಟು, 1972ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ ಸಭೆಯೆಂದರೆ ಗೊತ್ತಾದ ಒಂದು ಸ್ಥಳದಲ್ಲಿ ಜನ ಖುದ್ದಾಗಿ ಸೇರುವುದೇ ಹೌದೆಂದು, ಬದಲಾವಣೆ ಬೇಕಿದ್ದರೆ ಪಾರ್ಲಿಮೆಂಟ್ ಮಾಡಬೇಕೆಂದು ತೀರ್ಪಿತ್ತಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರ ಬ್ರೌನ್ ಕಾಯ್ದೆಯ ದೂರಸಭೆಯ ನಿಯಮ ಇನ್ನೂ ಕುತೂಹಲಕರ: ಸದಸ್ಯನೊಬ್ಬ ದೂರದ ಊರಿನಿಂದ ಫೋನಿನ ಮೂಲಕ ಭಾಗವಹಿಸಿದರೆ ಆ ಜಾಗವನ್ನೂ ಸೂಚನಾಪತ್ರದಲ್ಲಿ ಹೆಸರಿಸಬೇಕು, ಅಲ್ಲಿಯೂ ವಿಷಯಪಟ್ಟಿ ಅಂಟಿಸಬೇಕು, ಅಲ್ಲಿಗೂ ಸಾರ್ವಜನಿಕರು ಬರಲು ಬಿಡಬೇಕು, ಮತವನ್ನು ಹೆಸರು ಕೂಗಿ ಪಡೆಯಬೇಕು. ಭಾರತದಲ್ಲಿಯೂ 2013ರ ಕಂಪನಿಗಳ ಕಾಯ್ದೆ ಮತ್ತು ಮರುವರ್ಷದ ನಿಯಮಗಳು ನಿರ್ದೇಶಕರಿಗೆ ವಿಡಿಯೋ ಮೂಲಕ ಭಾಗವಹಿಸಲು, ಕೋರಮ್ಮಿಗೆ ಲೆಕ್ಕವಾಗಲು ಅವಕಾಶ ಕೊಟ್ಟು, ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕುಳಿತ ಸ್ಥಳ ಹೇಳಬೇಕು, ಸಭೆಯ ಧ್ವನಿಮುದ್ರಣವಾಗಬೇಕು ಎಂದು ವಿವರವಾಗಿ ವಿಧಿಸಿವೆ. ಖಾಸಗಿ ಬಂಡವಾಳದ ಸಭೆಗೆ ಇಷ್ಟು ಶ್ರದ್ಧೆಯಿಂದ ಬರೆದ ನಿಯಮಗಳಿಗೆ ಹೋಲುವಂಥದ್ದು ಪುರಸಭೆಯ ಕಾಯ್ದೆಯೊಳಗೆ ಬಾರದಿರುವುದು ವಿಷಾದದ ಸಂಗತಿ.

ಮುನವಳ್ಳಿ ಸೀಮೆಯ ಜನರಿಗೆ ದೂರದಿಂದಲೇ ಸರ್ಕಾರದ ಕಾರ್ಯಕಲಾಪ ಕಾಣುವಂತೆ ಮಾಡಿದ್ದು ಶಾಸಕಾಂಗಕ್ಕಿಂತ ಹೆಚ್ಚಾಗಿ ನ್ಯಾಯಾಂಗ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆದ ಮೇಲೆ ಬೆಂಗಳೂರಿನ ದಾರಿ ತಪ್ಪಿತು. 2022ರ ಜನವರಿ 1ರಂದು ಜಾರಿಗೆ ಬಂದ ನೇರ ಪ್ರಸಾರದ ನಿಯಮಗಳ ಮೂಲಕ ನ್ಯಾಯಾಲಯದ ಕಲಾಪ ಮನೆಯಲ್ಲಿಯೇ ಕಾಣುವಂತಾಯಿತು. ಕಾರ್ಯಾಂಗ ಬೇರೆ ದಾರಿ ಹಿಡಿಯಿತು. 2021ರ ಫೆಬ್ರುವರಿಯಲ್ಲಿ ಆರಂಭವಾದ, ಜಿಲ್ಲಾಧಿಕಾರಿಗಳು ತಿಂಗಳಿಗೊಮ್ಮೆ ಹಳ್ಳಿಗೆ ಹೋಗಿ ಅಹವಾಲು ಕೇಳುವ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿಯ ಕಡೆ’ ಕಾರ್ಯಕ್ರಮದಲ್ಲಿ ಪ್ರಜೆಯ ಬದಲು ಅಧಿಕಾರಿಯೇ ದಾರಿ ಸವೆಸಿದರು. ಪರಿಸರ ಪರಿಣಾಮದ 2006ರ ಅಧಿಸೂಚನೆಯ ಸಾರ್ವಜನಿಕ ಆಲಿಕೆಯಲ್ಲಿ ಮಾತ್ರ ಬಂದವರಿಗೂ ಬಾರದವರಿಗೂ ಜಾಗವಿದೆ: 30 ದಿನ ಮುಂಚೆ ಸೂಚನೆ, ಕೋರಂ ಎಂಬ ಕಟ್ಟುಪಾಡಿಲ್ಲ, ಬಾರದವರು ಬರೆದು ಕಳಿಸಬಹುದು, ಬಂದವರ ಮಾತಿನ ವಿಡಿಯೋ ಚಿತ್ರೀಕರಣ ಕಡ್ಡಾಯ, ಆಲಿಕೆ ಮುಗಿಯುವ ಮುನ್ನ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಜನರಿಗೆ ಓದಿ ಹೇಳಬೇಕು. ಪರಸಗಡದ ರೈತರಿಗೆ ಮೋಡಿ ಕಾಗದದ ಕಾಲದಲ್ಲಿ ಸಿಗದಿದ್ದ ರಕ್ಷಣೆ ಈ ಕೊನೆಯ ಕಲಮಿನಲ್ಲಿದೆ.

ಪುರಸಭೆಯ ವಿಷಯದಲ್ಲಿ ಮುಂದಿನ ಹೆಜ್ಜೆ ಇಡಬೇಕಾದದ್ದು ವಿಧಾನಮಂಡಲ, ಮತ್ತು ಅದರ ಚಳಿಗಾಲದ ಅಧಿವೇಶನ 2012ರಲ್ಲಿ ಉದ್ಘಾಟನೆಗೊಂಡ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ ನಡೆಯುತ್ತದೆ. ಮುನವಳ್ಳಿಯ ಕೌನ್ಸಿಲ್ ಸಭಾಂಗಣದಲ್ಲಿ ಕ್ಯಾಮೆರಾ ಕೂರಿಸುವುದು ಕಷ್ಟದ ಕೆಲಸವಲ್ಲ. ಆದರೆ ಆ ಕ್ಯಾಮೆರಾದ ಆಚೆ ಬದಿಯಲ್ಲಿ ಗೋವಾದ ಕಟ್ಟಡದ ಕೆಲಸದಲ್ಲೋ ಪುಣೆಯ ಕಾರ್ಖಾನೆಯಲ್ಲೋ ಇರುವ ವಾರ್ಡಿನ ಮತದಾರ ಕೇವಲ ನೋಡುವವನೇ ಅಥವಾ ವಿಷಯಪಟ್ಟಿಯ ಬಗ್ಗೆ ಮಾತನಾಡುವ ಹಕ್ಕುಳ್ಳ ಸದಸ್ಯನೇ ಎಂಬುದನ್ನು 1964ರ ಕಾಯ್ದೆ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಗ್ರಾಮಸಭೆಗೆ ಸರಿಸಮನಾದ ವಾರ್ಡ್ ಸಭೆಯೊಂದನ್ನು ಸಣ್ಣ ಪಟ್ಟಣಗಳಿಗೂ ಮೊದಲು ಕೊಡಬೇಕಾಗುತ್ತದೆ, ಆ ಬಳಿಕವೇ ಅದರ ಹಾಜರಿ ಪುಸ್ತಕದಲ್ಲಿ ದೂರದಿಂದ ಸೇರಿದವರ ಹೆಸರನ್ನು ಎಲ್ಲಿ ಬರೆಯಬೇಕೆಂಬ ನಿಯಮ ರೂಪುಗೊಳ್ಳಬಹುದು.